ಬಾಗಿಲ ಹೊರಗೆ ನಿಲ್ಲಲು ಕಲಿತ ಮಗ

ಬೆಳಗಿನ ಐದೂವರೆ. ಬೀದಿದೀಪಗಳು ಇನ್ನೂ ಆರಿಲ್ಲ. ಎರಡನೇ ಮಹಡಿಯ ಪುಟ್ಟ ಮನೆಯಲ್ಲಿ ಇಪ್ಪತ್ತೆರಡರ ಯುವಕನೊಬ್ಬ ಮಂಚದ ಅಂಚಿನಲ್ಲಿ ಕೂತು ತಾಯಿಯ ಬಲಗಾಲನ್ನು ಮಡಚುತ್ತಾನೆ, ಚಾಚುತ್ತಾನೆ. ಒಂದೊಂದು ಕಾಲಿಗೆ ಇಪ್ಪತ್ತು ಸಲ. ನಿದ್ದೆಗಣ್ಣಲ್ಲಿ ಅವನ ಎಣಿಕೆ ಜಾರುತ್ತದೆ. "ಹದಿನೇಳು ಎರಡು ಸಲ ಬಂತು ಕಣೋ," ಎನ್ನುತ್ತಾರೆ ತಾಯಿ. ಆತ ಹದಿನೆಂಟರಿಂದ ಮುಂದುವರಿಸುತ್ತಾನೆ.

ಈತ ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರ್. ಬೈಂಡಿಂಗ್ ಅಂಗಡಿಯಲ್ಲಿ ಅವನು ಈಗ ಕೂರುವ ಜಾಗ ಮೊದಲು ಅಮ್ಮನದಾಗಿತ್ತು. ಗಂಡ ತೀರಿಕೊಂಡ ಮೇಲೆ ಹದಿನಾಲ್ಕು ವರ್ಷ ಆಕೆ ಅಲ್ಲಿ ಹಾಳೆ ಹೊಲಿದರು. ಆ ಸೂಜಿಯೇ ಸಂಸಾರ ಎಳೆಯಿತು. ಮೂರು ವರ್ಷದ ಹಿಂದೆ ಬೆನ್ನುಹುರಿಯಲ್ಲಿ ಗಡ್ಡೆ ಕಾಣಿಸಿತು. ಶಸ್ತ್ರಚಿಕಿತ್ಸೆಯಿಂದ ಜೀವವೇನೋ ಉಳಿಯಿತು, ಕಾಲಿನ ಬಲ ಹೋಯಿತು. ಎರಡನೇ ವರ್ಷದ ಪದವಿಯಲ್ಲಿದ್ದ ಮಗ ಓದು ಬಿಟ್ಟು ಬಂದ. ಬೇಜಾರಿಲ್ಲವೇ ಎಂದರೆ ಸುಳ್ಳು ಹೇಳುವುದಿಲ್ಲ: "ಪರೀಕ್ಷೆ ದಿನ ಗೆಳೆಯರು ಇದೇ ಬೀದೀಲಿ ಹೋಗ್ತಿದ್ರು. ಕಿಟಕಿ ಹಾಕ್ಕೊಂಡು ಕೂತಿದ್ದೆ."

ದಿನಕ್ಕೆ ಆರು ಬಗೆಯ ಮಾತ್ರೆ. ಮಂಚದಿಂದ ಗಾಲಿಕುರ್ಚಿಗೆ, ಅಲ್ಲಿಂದ ಶೌಚಕ್ಕೆ ಎತ್ತಿ ಕೂರಿಸುವುದು ಆಗ ಏಳೆಂಟು ಸಲ. ಮಧ್ಯಾಹ್ನವೂ ಕೆಲಸದಿಂದ ಓಡಿ ಬರಬೇಕಿತ್ತು. ಅಡುಗೆ ಮಗನದು, ವಿಮರ್ಶೆ ಅಮ್ಮನದು.

ಕಳೆದ ವರ್ಷ ತಾಯಿಗೆ ಚಳಿಜ್ವರ ಬಂತು. ಮೂತ್ರದ ಸೋಂಕು ಎಂದರು ವೈದ್ಯರು. ದಿನಕ್ಕೆಷ್ಟು ನೀರು ಕುಡಿಯುತ್ತಾರೆ ಎಂದು ನರ್ಸ್ ಕೇಳಿದಾಗ ಮಗ ಎರಡು ಬಾಟಲಿ ಎಂದ. ನರ್ಸ್ ತಾಯಿಯನ್ನೇ ಬಿಡದೆ ಕೆದಕಿದ ಮೇಲೆ ನಿಜ ಹೊರಬಿತ್ತು. ಮಗ ತುಂಬಿಸಿಟ್ಟು ಹೋದ ನೀರನ್ನು ಅವರು ದಿನವೂ ಕೈಗೆಟಕುವ ಕಿಟಕಿಯ ಗಿಡಗಳಿಗೆ ಸುರಿಯುತ್ತಿದ್ದರು. "ನನಗಿಂತ ಎತ್ತರ ಬೆಳೆದ ಮಗ. ಅವನ ಮುಂದೆ ದಿನಕ್ಕೆ ಎಷ್ಟು ಸಲ ಅಂತ ನಾಚಿಕೆ ಬಿಡ್ಲಿ?" ಎಂದು ಮುಖ ತಿರುಗಿಸಿದರು.

ಅವನಿಗೆ ಮೊದಲು ಬಂದದ್ದು ಸಿಟ್ಟು. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಾಗ ಅಳು ಬಂತು. ತಾನು ಎತ್ತಿ ಕೂರಿಸಿದಷ್ಟೂ ಅಮ್ಮ ಕುಗ್ಗಿಹೋಗುತ್ತಿದ್ದಳಲ್ಲ ಎಂಬುದು ಆಗ ಹೊಳೆಯಿತಂತೆ.

ಕುರ್ಚಿಯಿಂದ ಶೌಚದ ಆಸನಕ್ಕೆ ಹಲಗೆಯೊಂದನ್ನು ಸೇತುವೆಯಂತೆ ಇಟ್ಟರೆ, ತೋಳಿನ ಬಲದಲ್ಲೇ ಜರುಗಿ ಹೋಗಬಹುದು ಎಂದು ತೋರಿಸಿಕೊಟ್ಟದ್ದು ಅದೇ ನರ್ಸ್. ಬೈಂಡಿಂಗ್ ಅಂಗಡಿಯಲ್ಲಿ ಮೂಲೆಗೆ ಬಿದ್ದಿದ್ದ ಹಲಗೆಯನ್ನು ಮಗ ಕೇಳಿ ತಂದ. ಮೂರು ಸಂಜೆ ಕೂತು ಅಂಚು ಉಜ್ಜಿ ನುಣುಪು ಮಾಡಿ, ವಾರ್ನಿಶ್ ಬಳಿದ. ಗೋಡೆಗೆ ಕಬ್ಬಿಣದ ಹಿಡಿ ಹಾಕಿಸಿದ. ಹಾಳೆಯ ಕಟ್ಟು ಹೊತ್ತು ಪಳಗಿದ ತೋಳು ಅಮ್ಮನದು. ಆದರೂ ಒಂದು ತಿಂಗಳು ಹಿಡಿಯಿತು. ಮಗ ಪಕ್ಕದಲ್ಲೇ ನಿಂತು ಕಲಿಸಿದ. ಒಮ್ಮೆ ಜಾರಿ ಮೊಣಕೈ ತರಚಿತು.

ಆಮೇಲೊಂದು ಬೆಳಿಗ್ಗೆ ತಾಯಿ ಅವನನ್ನು ಹೊರಗೆ ಕಳಿಸಿ ಶೌಚದ ಕೋಣೆಯ ಬಾಗಿಲು ಮುಚ್ಚಿಕೊಂಡರು. ಹಲಗೆ ಕಿರುಗುಟ್ಟಿದ ಸದ್ದು, ಏದುಸಿರು, ಆಮೇಲೆ ಏನೂ ಇಲ್ಲ. ಅವನ ಕೈ ಚಿಲಕದ ಮೇಲೇ ಇತ್ತು.

"ತೆಗೆಯೋದಾ ಬೇಡ್ವಾ ಅಂತ ಜೀವ ಹೋಗಿಬಂದಂಗಾಗ್ತಿತ್ತು," ಎನ್ನುತ್ತಾನೆ. "ಅಷ್ಟರಲ್ಲಿ ಒಳಗಿಂದ ಅಮ್ಮ, 'ಅಲ್ಲೇನೋ ಕಾವಲು ಕಾಯ್ತಿದ್ದೀಯ, ಕೆಲಸಕ್ಕೆ ಹೊತ್ತಾಗಲಿಲ್ವಾ' ಅಂತ ಬೈದ್ಲು. ಹಂಗೆ ಬೈಸ್ಕೊಂಡು ಎರಡು ವರ್ಷ ಆಗಿತ್ತು. ಮೆಟ್ಟಿಲು ಇಳೀವಾಗ ಒಬ್ಬನೇ ನಗ್ತಿದ್ದೆ."