ಅಣ್ಣ ಉಗುಳಿದ ವೈನು

ನನ್ನ ಅಣ್ಣನಿಗೆ ಸಂಬಳ ಕೊಡುವುದು ಉಗುಳುವುದಕ್ಕೆ. ಹೀಗೆಂದರೆ ಅವನಿಗೆ ಸಿಟ್ಟು ಬರುತ್ತದೆ. ಅದಕ್ಕೇ ನಾನು ಹೇಳುವುದು. ದೊಡ್ಡ ಸೂಪರ್ ಮಾರ್ಕೆಟ್ಟೊಂದರ ಮಹಡಿಯ ಮೇಲೆ ಅವನದೊಂದು ಬಿಳಿ ಕೋಣೆ. ಮೇಜಿನ ತುಂಬ ಉದ್ದನೆಯ ಕಾಲುಚೀಲ ತೊಟ್ಟ ವೈನ್ ಬಾಟಲಿಗಳು. ಹೆಸರು, ಬೆಲೆ ಕಣ್ಣಿಗೆ ಬಿದ್ದರೆ ನಾಲಿಗೆ ಮೋಸಹೋಗುತ್ತದೆಂದು ಈ ಮುಸುಕು. ಅಣ್ಣ ಒಂದೊಂದನ್ನೇ ಮೂಸಿ, ಗುಟುಕನ್ನು ಬಾಯಲ್ಲಿ ಹೊರಳಿಸಿ, ಬಕೆಟ್ಟಿಗೆ ಉಗುಳಿ, ಯಾವುದು ಅಂಗಡಿಯ ಅಗ್ಗದ ಸಾಲಿಗೆ ಹೋಗಬೇಕೆಂದು ತೀರ್ಮಾನಿಸುತ್ತಾನೆ.

"ದುಬಾರಿ ವೈನ್ ಚೆನ್ನಾಗಿದ್ರೆ ಅದರಲ್ಲೇನು ಹೆಚ್ಚುಗಾರಿಕೆ?" ಎನ್ನುತ್ತಾನೆ. "ಅಗ್ಗದ್ದರಲ್ಲಿ ಹುಳುಕು ಮುಚ್ಚೋಕೆ ಸಿಹಿ ಸುರಿದಿರ್ತಾರೆ ಕಣೇ. ಸಿಹಿ ಹೋದ್ಮೇಲೆ ಬಾಯಲ್ಲಿ ಏನು ಉಳಿಯುತ್ತೆ, ಅದನ್ನ ನೋಡ್ಬೇಕು."

ಮದುವೆಯ ವಯಸ್ಸೆಲ್ಲ ಹೀಗೇ ಕಳೆಯಿತು. ನಾನು ಕೊಟ್ಟ ಕಾಫಿಯನ್ನೂ ಮೂಸಿ ಕುಡಿಯುವವನಿಗೆ ಹೆಣ್ಣು ಹುಡುಕಿ ಹುಡುಕಿ ನಾನು ಕೈಚೆಲ್ಲಿ ಕೂತಿದ್ದೆ. ಆಮೇಲೆ ಗೊತ್ತಾಯಿತು: ಎರಡು ವೈನುಗಳ ನಡುವೆ ನಾಲಿಗೆ ಶುದ್ಧವಾಗಲು ಒಂದು ಚೂರು ಬ್ರೆಡ್ ತಿನ್ನಬೇಕಂತೆ, ಆ ಬ್ರೆಡ್ಡಿಗಾಗಿ ಅಣ್ಣ ತಾನೇ ಮೆಟ್ಟಿಲಿಳಿದು ಹೋಗುತ್ತಾನಂತೆ. ಬ್ರೆಡ್ ವಿಭಾಗ ನೋಡಿಕೊಳ್ಳುತ್ತಿದ್ದವರು ಗಂಡನನ್ನು ಕಳೆದುಕೊಂಡ ಹೆಂಗಸು. ನಗುವಾಗ ಹಿಟ್ಟಿನ ಕೈಯನ್ನು ಬಾಯಿಗೆ ಅಡ್ಡ ಹಿಡಿಯುತ್ತಿದ್ದರು. ಅವರೆಂದರೆ ಅಣ್ಣನಿಗೆ ಜೀವ. ಹೇಳಲು ಮಾತ್ರ ಧೈರ್ಯವಿಲ್ಲ.

ಕೊನೆಗೆ ಅವರೇ ಮನೆಗೆ ಊಟಕ್ಕೆ ಕರೆದರು. ಅಣ್ಣ ಅಂಗಿಯ ಮೇಲೆ ಅಂಗಿ ಬದಲಿಸಿದ. ಮದುವೆಯ ಮಾತು ಎತ್ತಿಯೇ ಬರುತ್ತೇನೆಂದು ನನಗೆ ಮಾತು ಕೊಟ್ಟು ಹೋದ.

ಅವರ ಅಡುಗೆಮನೆಯಲ್ಲಿ ಒಂದು ಚಿಕ್ಕ ಮೇಜು, ಎರಡೇ ಕುರ್ಚಿ. ಅವರು ಒಲೆಯ ಮೇಲಿನ ಕಪಾಟಿನಿಂದ ಒಂದು ಬಾಟಲಿ ಇಳಿಸಿ, ಧೂಳು ಒರೆಸಿ, ಅಣ್ಣನ ಲೋಟಕ್ಕೆ ಸುರಿದರು. ಅಣ್ಣ ಅಭ್ಯಾಸಬಲದಿಂದ ಮೂಸಿದ, ಗುಟುಕರಿಸಿದ, ಬಾಯಲ್ಲಿ ಹೊರಳಿಸಿದ, ಪಕ್ಕದ ಬಟ್ಟಲಿಗೆ ಪಿಚಕ್ಕನೆ ಉಗುಳಿಯೇಬಿಟ್ಟ.

ಅವರ ಮುಖ ಬಾಡಿತು. "ಅದು ನಮ್ಮೆಜಮಾನ್ರು ತಂದಿಟ್ಟಿದ್ದು. ಅವರು ಹೋದ್ಮೇಲೆ ತೆಗೆಯೋಕೆ ಮನಸ್ಸೇ ಬಂದಿರ್ಲಿಲ್ಲ. ಇವತ್ತು ಬಂತು."

ಅಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಎಲ್ಲ ಮುಗಿಯಿತು ಎಂದುಕೊಂಡ.

"ಹೇಗಿದೆ? ನಿಜ ಹೇಳಿ," ಎಂದರು ಅವರು.

ನಾನಾಗಿದ್ದರೆ ಸುಳ್ಳು ಹೇಳುತ್ತಿದ್ದೆ. ವೈನಿನ ವಿಷಯದಲ್ಲಿ ಅವನಿಗೆ ಅದು ಬರುವುದಿಲ್ಲ.

"ಹುಳಿಯಾಗಿದೆ," ಎಂದ.

ಅವರು ಆ ಲೋಟ ಎತ್ತಿ ತಾವೂ ಒಂದು ಗುಟುಕು ಬಾಯಿಗೆ ಹಾಕಿಕೊಂಡರು. ಮುಖ ಕಿವುಚಿ, ಅದೇ ಬಟ್ಟಲಿಗೆ ಉಗುಳಿದರು. ನಕ್ಕರು, ನಗುತ್ತಲೇ ಅವರ ಕಣ್ಣು ತುಂಬಿತು. "ಪಾಪ, ಅವರಿಗೆ ಅಂಗಡಿಯಲ್ಲಿ ಆರಿಸೋಕೇ ಬರ್ತಿರ್ಲಿಲ್ಲ."

ಹೌದೆಂದು ನಕ್ಕುಬಿಟ್ಟಿದ್ದರೆ ಅಣ್ಣ ಪಾರಾಗುತ್ತಿದ್ದ. ಅವನು ಬಾಟಲಿ ತಿರುಗಿಸಿ ಲೇಬಲ್ ನೋಡಿದ.

"ಹಾಗನ್ಬೇಡಿ. ಅವರು ಸರಿಯಾಗೇ ಆರಿಸಿದ್ದಾರೆ. ಇದು ತಂದ ವರ್ಷವೇ ಕುಡಿಯೋ ವೈನು. ಆಗ ತುಂಬ ಚೆನ್ನಾಗಿತ್ತು, ನಂಗೊತ್ತು. ಕೆಟ್ಟಿದ್ದು ಆಮೇಲೆ, ಒಲೆ ಶಾಖಕ್ಕೆ. ಅವರದೇನೂ ತಪ್ಪಿಲ್ಲ."

ತಾನು ಕಾಣದ ಮನುಷ್ಯನ ಮರ್ಯಾದೆ ಕಾದ ಅಣ್ಣನನ್ನು ನೆನೆದರೆ ಈಗಲೂ ನನಗೆ ಎಲ್ಲಿಲ್ಲದ ಅಕ್ಕರೆ ಉಕ್ಕುತ್ತದೆ.

ಅವರು ಎದ್ದು, ಬಾಟಲಿಯನ್ನು ಸಿಂಕಿಗೆ ಬಗ್ಗಿಸಿ ಖಾಲಿ ಮಾಡಿದರು. ಅಣ್ಣನ ತಟ್ಟೆಗೆ ಬಿಸಿ ಬ್ರೆಡ್ ಹಾಕಿ, ಎದುರಿಗೆ ಕೂತರು. "ಇನ್ನೇನೋ ಹೇಳೋಕೆ ಬಂದಿದ್ದೀರಿ ಅನ್ಸುತ್ತೆ. ಹೇಳಿ," ಎಂದರು.

ಅಣ್ಣನ ಬಾಯಿಂದ ಇಂಥದ್ದೆಲ್ಲ ಹೊರಡುವುದಿಲ್ಲ. ಇದನ್ನು ನನಗೆ ಹೇಳಿದ್ದು ಅತ್ತಿಗೆ.