ಅವ್ವ ಮಾತಾಡಿದ ಕೊನೆಯ ಹೊತ್ತು

ಖಗೋಳ ಭೌತವಿಜ್ಞಾನದ ಸಂಸ್ಥೆಯೊಂದರಲ್ಲಿ ಸಿಡಿಯುವ ನಕ್ಷತ್ರಗಳನ್ನು ನೋಡಿಕೊಂಡು ಬದುಕುವವಳು ನಾನು. ದೂರದ ಯಾವುದೋ ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದರೆ, ಸಿಡಿದದ್ದು ಯಾವಾಗ ಎಂದು ಹೇಳುವುದು ನನ್ನ ಪಾಲಿನ ಕೆಲಸ. ಸಿಡಿಯುವುದನ್ನೇ ಕಂಡವರು ಇರುವುದಿಲ್ಲ. ದೂರದರ್ಶಕದ ಇವತ್ತಿನ ಚಿತ್ರದಲ್ಲಿ ಹೊಸ ಬೆಳಕಿದೆ, ಹಿಂದಿನದರಲ್ಲಿ ಇಲ್ಲ. ಸಿಡಿದದ್ದು ಇವೆರಡರ ನಡುವೆ. ಆ ಅಂತರ ಕಡಿಮೆಯಾದಷ್ಟೂ ನಮಗೆ ಹಬ್ಬ. ಮೋಡ ಕವಿದು ಒಂದು ರಾತ್ರಿ ತಪ್ಪಿತೋ, ನನ್ನ ಸಿಟ್ಟಿಗೆ ಹೆದರಿ ಹತ್ತಿರ ಯಾರೂ ಸುಳಿಯುವುದಿಲ್ಲ.

ಕಳೆದ ಶ್ರಾವಣದಲ್ಲಿ ಹರಿಹರದ ತಮ್ಮನ ಮನೆಗೆ ಹೋಗಿದ್ದೆ. ಅವ್ವ ಇರುವುದು ಅಲ್ಲೇ. ಭಾನುವಾರ ರಾತ್ರಿ ಊಟಕ್ಕೆ ಕೂತಾಗಲೂ ಲ್ಯಾಪ್‌ಟಾಪ್ ಬಿಡದ ನನ್ನನ್ನು ಅವಳು ಕೆಣಕಿದಳು: “ಅದು ಯಾವತ್ತೋ ಸತ್ತಿರೋ ಚುಕ್ಕಿ. ರೊಟ್ಟಿ ತಿಂದು ನೋಡಿದ್ರೆ ಎಲ್ಲಿಗೆ ಓಡಿ ಹೋಗ್ತೈತೆ?” ಎಲ್ಲರೂ ನಕ್ಕೆವು.

ಶ್ರಾವಣದ ಸೋಮವಾರ ಅವ್ವನಿಗೆ ಮೌನವ್ರತ. ಎದ್ದಾಗಿನಿಂದ ಲಿಂಗಪೂಜೆ ಮುಗಿಯುವ ತನಕ ಒಂದು ಮಾತಿಲ್ಲ, ನಾವೂ ಮಾತಾಡಿಸುವಂತಿಲ್ಲ. ಅವತ್ತು ನಾನಿದ್ದ ಪಡಸಾಲೆಯಲ್ಲೇ ಪೂಜೆಗೆ ಕೂತವಳು ಬಿಸಿಲೇರಿದರೂ ಏಳಲಿಲ್ಲ. ಒಮ್ಮೆ ನನ್ನನ್ನೇ ದಿಟ್ಟಿಸಿ ನೋಡಿದಳು. ಏನೋ ಬೇಕೇನೋ ಎಂದು ಎದ್ದೆ. ತಮ್ಮನ ಹೆಂಡತಿ ಪಿಸುಗುಟ್ಟಿದಳು: “ಮಾತಾಡಿಸಬ್ಯಾಡ್ರಿ ಅಕ್ಕಾ, ವ್ರತ ಕೆಡ್ತೈತೆ.” ಮತ್ತೆ ಕೂತೆ. ಬಲಗೈಯಿಂದ ತಂಬಿಗೆ ಜಾರಿ ಬಿದ್ದು, ಅದನ್ನೆತ್ತಲು ಆ ಕೈ ಏಳದಿದ್ದಾಗಲೇ ನಮಗೆ ತಿಳಿದದ್ದು. ಅವ್ವನಿಗೆ ಲಕ್ವ ಹೊಡೆದಿತ್ತು. ಮಾತು ಆಗಲೇ ಹೋಗಿತ್ತು.

ದಾವಣಗೆರೆಯ ಆಸ್ಪತ್ರೆಗೆ ಕರೆದೊಯ್ದೆವು. ಡಾಕ್ಟರು ಸೌಮ್ಯವಾಗಿಯೇ ಕೇಳಿದರು: “ನಿಮ್ಮ ತಾಯಿ ಕೊನೇ ಸಲ ಸರಿಯಾಗಿ ಮಾತಾಡಿದ್ದು ಯಾವಾಗ ಹೇಳ್ರಿ. ಬೇಗ ಬಂದಿದ್ರೆ ಒಂದು ಇಂಜೆಕ್ಷನ್ ಐತೆ, ಮಾತು ವಾಪಸ್ ಬರಬಹುದು. ತಡ ಆಗಿದ್ರೆ ಕೊಡೋ ಹಂಗಿಲ್ಲ, ತಲೆಯೊಳಗೆ ರಕ್ತ ಸೋರಬಹುದು.”

ಈ ಪ್ರಶ್ನೆಗೆ ಉತ್ತರ ಹೇಳಿಯೇ ನಾನು ಸಂಬಳ ತಿನ್ನುವುದು.

“ಬೆಳಿಗ್ಗೆ ಎದ್ದು ಸ್ನಾನ ಮಾಡಿದ್ಳಲ್ರಿ, ಚೆನ್ನಾಗೇ ಇದ್ಳು,” ಎಂದ ತಮ್ಮ.

“ಮಾತಾಡಿದ್ಳಾ?” ಎಂದೆ. “ಇಲ್ಲ, ವ್ರತ ಇತ್ತಲ್ಲ,” ಎಂದ.

ಸುಳ್ಳು ಹೇಳಿದರೆ ಅವ್ವನ ಜೀವಕ್ಕೆ ಕುತ್ತು, ನಿಜ ಹೇಳಿದರೆ ಮಾತಿಗೆ. “ನಿನ್ನೆ ರಾತ್ರಿ, ಊಟದ ಹೊತ್ತಿಗೆ,” ಎಂದೆ.

“ಹಂಗಾದ್ರೆ ಇಂಜೆಕ್ಷನ್ ಬ್ಯಾಡ್ರಿ,” ಎಂದು ಡಾಕ್ಟರು ಒಳಗೆ ಹೋದರು.

ಮಧ್ಯಾಹ್ನ ಸಂಸ್ಥೆಯಿಂದ ಮೆಸೇಜು ಬಂತು. ನಾವು ಬೆನ್ನು ಹತ್ತಿದ್ದ ನಕ್ಷತ್ರ ಸಿಡಿದ ಹೊತ್ತು ಗಂಟೆಯ ಲೆಕ್ಕದಲ್ಲಿ ಸಿಕ್ಕಿದೆಯಂತೆ, ಎಲ್ಲರಿಗೂ ಖುಷಿಯಂತೆ. ಓದಿ ಮೈಯೆಲ್ಲ ಉರಿಯಿತು. ಒಂದೇ ಪಡಸಾಲೆಯಲ್ಲಿ ಕೂತಿದ್ದ ಅವ್ವನಿಗೆ ಲಕ್ವ ಹೊಡೆದ ಹೊತ್ತು ನನಗೆ ಗೊತ್ತಾಗಲಿಲ್ಲವಲ್ಲ! ಉತ್ತರ ಬರೆಯದೆ ಫೋನು ಒಳಗಿಟ್ಟೆ.

ಅವ್ವನ ಜೀವ ಉಳಿಯಿತು. ಸಂಜೆ ವಾರ್ಡಿನಲ್ಲಿ ಎಡಗೈಯಿಂದ ನನ್ನ ಕೈ ಹಿಡಿದು ಏನೋ ಹೇಳಲು ಹೊರಟಳು. ಬಂದದ್ದು ಬರೀ ಸದ್ದು.

“ನೀರು ಬೇಕೇನವ್ವಾ? ಹೊದಿಕೆ ತೆಗೀಲಾ? ತಮ್ಮನ್ನ ಕರೀಲಾ?”

ಒಂದೊಂದಕ್ಕೂ ಅಲ್ಲವೆಂದು ತಲೆಯಾಡಿಸಿದಳು. ಮತ್ತೆ ನೀರಿನ ಲೋಟವನ್ನೇ ಎತ್ತಿ ತೋರಿಸಿದೆ. ಅವ್ವ ಬೆಳಿಗ್ಗೆ ಪೂಜೆಯಲ್ಲಿ ನೋಡಿದ ಹಾಗೇ ನನ್ನನ್ನು ದಿಟ್ಟಿಸಿದಳು. ಆಮೇಲೆ ನನ್ನ ಕೈ ಬಿಟ್ಟು, ಗೋಡೆಯ ಕಡೆ ಮುಖ ತಿರುಗಿಸಿದಳು.