ಹುಕ್ಕೇರಿಯ ಲೆಗ್ ಸ್ಪಿನ್ನು, ಹೆಸರು ಹೊರಳದ ದೇಶ

ನನ್ನ ಗೆಳೆಯ ಅಡಿವೆಪ್ಪ ಯುರೋಪಿನ ಒಂದು ಪುಟ್ಟ ದೇಶದ ಪರವಾಗಿ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದ. ಯಾವ ದೇಶ ಎಂದು ಮಾತ್ರ ಕೇಳಬೇಡಿ. ಹೆಸರು ನನಗೆ ಗೊತ್ತು. ಆದರೆ ಹೇಳಲು ಹೋದಾಗಲೆಲ್ಲ ಎದುರಿಗಿದ್ದವರು ಗಾಬರಿಯಾಗಿ ನೀರು ತಂದುಕೊಡುತ್ತಾರೆ. ಅಲ್ಲಿಯ ಜನಕ್ಕೆ ಕ್ರಿಕೆಟ್ ಎಂದರೆ ಹನ್ನೊಂದು ಮಂದಿ ಬಯಲಿನಲ್ಲಿ ಏನನ್ನೋ ಕಳೆದುಕೊಂಡು ದಿನವಿಡೀ ಹುಡುಕುವ ಕೆಲಸವಂತೆ.

ಅಡಿವೆಪ್ಪ ಹುಕ್ಕೇರಿಯವನು. ಘಟಪ್ರಭಾದಲ್ಲಿ ನರ್ಸಿಂಗ್ ಓದುತ್ತಿದ್ದಾಗ ಪ್ರತಿ ಭಾನುವಾರ ಬಸ್ಸು ಹತ್ತಿ ಗೋಕಾಕಕ್ಕೆ ಬಂದು ನಮ್ಮ ತಂಡಕ್ಕೆ ಲೆಗ್ ಸ್ಪಿನ್ ಹಾಕುತ್ತಿದ್ದ. ನಾನು ಕ್ಯಾಪ್ಟನ್. ಅರ್ಹತೆ ಏನೆಂದರೆ, ಬ್ಯಾಟು ನನ್ನದಾಗಿತ್ತು. ಲೆಗ್ ಸ್ಪಿನ್ ಎಂದರೆ, ಚೆಂಡು ನೆಲಕ್ಕೆ ಬೀಳುವ ಮೊದಲು ಒಂದು ದಿಕ್ಕಿನ ಭರವಸೆ ಕೊಟ್ಟು, ಬಿದ್ದ ಮೇಲೆ ಇನ್ನೊಂದು ಕಡೆ ಹೊರಡುವುದು. ಗೂಗ್ಲಿ ಎಂದರೆ, ಹಾಗೆ ಹೊರಡುತ್ತದೆಂದು ನಂಬಿಸಿ ಅದಕ್ಕೂ ಉಲ್ಟಾ ತಿರುಗುವುದು. ಒಂದೆರಡು ಚುನಾವಣೆ ಕಂಡವರಿಗೆ ಇದಕ್ಕಿಂತ ಹೆಚ್ಚು ವಿವರಣೆ ಬೇಕಿಲ್ಲ.

ಮೂಡಲಗಿಯಲ್ಲಿ ಒಂದು ಫೈನಲ್ ಆಡಿದೆವು. ಅಡಿವೆಪ್ಪನ ಮೊದಲ ಓವರಿನಲ್ಲೇ ಎದುರಾಳಿ ಬ್ಯಾಟ್ಸ್‌ಮನ್ ಸಾಲಾಗಿ ಮೂರು ಸಿಕ್ಸರ್ ಹೊಡೆದ. ಮೂರನೆಯದು ಕಬ್ಬಿನ ಗದ್ದೆಗೆ ಬಿತ್ತು. ಎಲ್ಲರೂ ಚೆಂಡು ಹುಡುಕುತ್ತಿದ್ದಾಗ ನಾನು ನಾಯಕನಿಗೆ ತಕ್ಕಂತೆ ಆಳವಾಗಿ ವಿಚಾರ ಮಾಡಿ, ಮುಂದಿನ ಓವರುಗಳನ್ನೆಲ್ಲ ಅವನಿಂದ ಕಿತ್ತು ನಾನೇ ಹಾಕಿದೆ. ಪಂದ್ಯ ಬೇಗ ಮುಗಿಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಅವನು ಮೆಲ್ಲಗೆ ಹೇಳಿದ:

"ಇನ್ನೊಂದ ಓವರ್ ಕೊಟ್ಟಿದ್ರ ಅಂವ ಸಿಕ್ಕ ಬೀಳತಿದ್ದಪಾ."

"ಸುಮ್ನ ಕುಂಡ್ರಲೇ. ಇನ್ನೊಂದ ಓವರ್ ಕೊಟ್ಟಿದ್ರ ಚೆಂಡ ಧುಪದಾಳದ ಹೊಳ್ಯಾಗ ಸಿಗತಿತ್ತು," ಎಂದೆ. ಬಸ್ಸೆಲ್ಲ ನಕ್ಕಿತು. ಅಡಿವೆಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತ.

ಓದು ಮುಗಿಸಿ ಅವನು ಆ ದೇಶದ ಒಂದು ವೃದ್ಧಾಶ್ರಮಕ್ಕೆ ನರ್ಸ್ ಆಗಿ ಹೋದ. ಮೊದಲೆರಡು ಚಳಿಗಾಲ ಮುದುಕರಿಗೆ ಗುಳಿಗೆ ಕೊಡುತ್ತ, ಅವರಿಂದ ಭಾಷೆ ಕಲಿಯುತ್ತ ಕಳೆದ. ಒಂದು ದಿನ ಬಸ್ ಸ್ಟಾಪಿನಲ್ಲಿ ನಿಂತು, ತಿನ್ನಲು ತಂದ ಕಿತ್ತಳೆ ಹಣ್ಣನ್ನು ಒಂದು ಕೈಯಿಂದ ಇನ್ನೊಂದಕ್ಕೆ ತಿರುಗಿಸುತ್ತಿದ್ದನಂತೆ. ಬಂದ ಬಸ್ಸಿನ ಡ್ರೈವರ್ ಬಾಗಿಲು ತೆರೆದು, ಟಿಕೆಟ್ಟು ಕೇಳದೆ, "ಲೆಗ್ ಸ್ಪಿನ್?" ಎಂದು ಕೇಳಿದ. ಅವನು ಲಾಹೋರಿನವನು, ಆ ದೇಶದ ಕ್ರಿಕೆಟ್ ತಂಡದ ಕ್ಯಾಪ್ಟನ್. ತಂಡದಲ್ಲಿ ಕಾಬೂಲಿನ ಬಡಗಿ, ಶ್ರೀಲಂಕಾದ ಅಡುಗೆಯವ ಎಲ್ಲ ಇದ್ದರು. ಆ ದೇಶದಲ್ಲೇ ಹುಟ್ಟಿದವನು ಒಬ್ಬನೇ. ಅವನನ್ನು ಸಾಕ್ಷಿಗೆಂದು ಇಟ್ಟುಕೊಂಡಂತಿತ್ತು.

ದೇಶದ ಪರ ಆಡಲು ಅಲ್ಲಿ ಕೆಲವು ವರ್ಷ ನೆಲೆಸಿರಬೇಕಂತೆ. ಅಡಿವೆಪ್ಪ ಕಾದ. ಮೊದಲ ಪಂದ್ಯದ ಹಿಂದಿನ ದಿನ ನಾನು ಹುಕ್ಕೇರಿಯಲ್ಲಿ, ಅವನನ್ನು ಸಾಕಿ ಬೆಳೆಸಿದ ಕಾಕಾನ ಮನೆಯಲ್ಲಿದ್ದೆ. ವಿಡಿಯೊ ಕಾಲ್ ಬಂತು. ಕಾಕಾನಿಗೆ ಒಂದೇ ಚಿಂತೆ.

"ಕ್ಯಾಪ್ಟನ್ ಪಾಕಿಸ್ತಾನದಾಂವ ಅಂತೀ. ನಿನಗ ಬಾಲ್ ಕೊಡ್ತಾನೇನು?"

"ಕೊಡ್ತಾನ್ರಿ ಕಾಕಾ. ಸಿಕ್ಸ್ ಹೊಡಸ್ಕೊಂಡ್ರೂ ಕೊಡ್ತಾನ."

ನಾನು ಚಹಾದ ಕಪ್ಪಿನೊಳಗೆ ಏನೋ ಬಿದ್ದಿದೆಯೆಂಬಂತೆ ಬಗ್ಗಿ ನೋಡತೊಡಗಿದೆ.

ಮರುದಿನ ಪಂದ್ಯ ನೋಡಲು ಕಾಕಾ ಮೊಬೈಲನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ ನಿಲ್ಲಿಸಿದ. ಅಡಿವೆಪ್ಪ ಚಳಿಗೆ ಬೆರಳುಗಳ ಮೇಲೆ ಬಿಸಿಯುಸಿರು ಬಿಡುತ್ತ ಬೌಲಿಂಗಿಗೆ ಬಂದ. ಮೊದಲ ಓವರಿನಲ್ಲಿ ಮೂರು ಸಿಕ್ಸರ್. ಕಾಕಾ ನನ್ನನ್ನು ನೋಡಿದ, ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಮುಗಿಯಿತು ಎಂದುಕೊಂಡೆ. ಆದರೆ ಮುಂದಿನ ಸರದಿ ಬಂದಾಗ ಆ ಲಾಹೋರಿನ ಡ್ರೈವರ್ ಚೆಂಡನ್ನು ತನ್ನ ಸ್ವೆಟರಿಗೆ ಒರೆಸಿ, ಮತ್ತೆ ಇವನ ಕೈಗೇ ಇಟ್ಟ. ಅದೇ ಬ್ಯಾಟ್ಸ್‌ಮನ್ ಮತ್ತೊಮ್ಮೆ ಮುಂದೆ ನುಗ್ಗಿದ. ಗೂಗ್ಲಿ! ಸ್ಟಂಪು ಹಾರಿತು.

ಕಾಕಾ ನನ್ನ ಕುತ್ತಿಗೆ ಹಿಡಿದು ಜಗ್ಗಾಡಿದ. "ಲೇ, ಆ ಕ್ಯಾಪ್ಟನ್‌ಗ ಎರಡ ಕಿಲೋ ಕರದಂಟ ಕಳಸಬೇಕಲೇ!"

ನನ್ನ ಹದಿನೈದು ವರ್ಷದ ನಾಯಕತ್ವಕ್ಕೆ ಯಾರೂ ಒಂದು ಚೂರು ಬೆಲ್ಲ ಕೊಟ್ಟಿರಲಿಲ್ಲ. ಕೊಡಬಾರದಿತ್ತು ಕೂಡ. ಕರದಂಟು ಪ್ಯಾಕ್ ಮಾಡಿಸಿ ಅಂಚೆಗೆ ಹಾಕಿದವನು ನಾನೇ.

ನಾಲ್ಕು ವರ್ಷ ಆಡಿದ ಅಡಿವೆಪ್ಪ. ಹೋದ ತಿಂಗಳು ಫೋನ್ ಮಾಡಿದ.

"ಟೀಮಿನಿಂದ ನನ್ನ ಕೈಬಿಟ್ರಪಾ."

"ಯಾಕೋ?"

"ಹೊಸಾ ಲೆಗ್ ಸ್ಪಿನ್ನರ್ ಬಂದಾನ. ಇಲ್ಲೇ ಹುಟ್ಟಿ ಬೆಳದಾಂವ, ಪೋಸ್ಟ್‌ಮನ್."

"ಅಲ್ಲಿಯವ್ರಿಗೆ ಲೆಗ್ ಸ್ಪಿನ್ ಎಲ್ಲಿಂದ ಬಂತೋ?"

"ನಾನ ಕಲಿಸಿದ್ನಿ. ಎರಡ ವರ್ಷ."

ವಲಸೆ ಬಂದವರು ಊರವರ ಕೆಲಸ ಕಸಿಯುತ್ತಾರೆ ಎಂದು ಜಗತ್ತಿನ ತುಂಬ ದೂರು. ಇಲ್ಲಿ ನೋಡಿದರೆ ಊರವನೇ ಬಂದು, ಪರದೇಶಿಯ ಹತ್ತಿರ ವಿದ್ಯೆ ಕಲಿತು, ಪರದೇಶಿಯ ಜಾಗದಲ್ಲೇ ನಿಂತಿದ್ದಾನೆ. ಯಾವ ಪತ್ರಿಕೆಯೂ ಇದನ್ನು ಬರೆಯಲಿಲ್ಲ. ನನಗೆ ಸಿಟ್ಟು ಬಂತು.

"ಗೂಗ್ಲಿನಾರ ನಿನ್ನ ಹಂತ್ಯಾಕ ಇಟ್ಕೋಬೇಕಿತ್ತಲೋ, ಮಳ್ಳ!"

"ಇಟ್ಕೊಂಡ ಏನ್ ಮಾಡ್ಲಿ? ನಿನ್ನೆ ಪ್ರ್ಯಾಕ್ಟೀಸಿನ್ಯಾಗ ಅಂವ ಅದ ಗೂಗ್ಲಿ ಹಾಕಿ ನನ್ನ ಬೌಲ್ಡ್ ಮಾಡಿದ," ಎಂದ ಅಡಿವೆಪ್ಪ. ದನಿಯಲ್ಲಿ ಹಬ್ಬದ ಹುರುಪಿತ್ತು. "ಬರತೈತಿ ಅಂತ ಗೊತ್ತಿದ್ದೂ ಸಿಕ್ಕ ಬಿದ್ನಿ ನೋಡಪಾ. ಎಷ್ಟ ಚಂದ ತಿರಗತೈತಿ ಅಂತೀ!"